ಬೂಷ್ಟು ಹಿಡಿದ ಕ್ಯಾಸೆಟ್ ಮತ್ತೆ ಆಲ್ಬಂ ಆಯಿತು

ಮೂಡಿಗೆರೆಯ ಗೆಳೆಯನೊಬ್ಬ ತೊಂಬತ್ತರ ದಶಕದಲ್ಲಿ ಮಾಡಿಟ್ಟಿದ್ದ ಕ್ಯಾಸೆಟ್ಟನ್ನು ನಾವಿಬ್ಬರೂ ಸೇರಿ ಮತ್ತೆ ಹೊರತಂದೆವು. ಒಂದು ಕಡೆ ಹಾರ್ಮೋನಿಯಂನ ಒಂದೇ ಸ್ವರ, ಅದರ ಜೊತೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು. ಇನ್ನೊಂದು ಕಡೆ ಬರೀ ಶಾರ್ಟ್‌ವೇವ್ ರೇಡಿಯೋದ ಕರಕರ.

"ಇದನ್ನೆಲ್ಲ ಯಾರು ಕೇಳ್ತಾರೆ ಮಾರಾಯ?" ಅಂದ. ನಾನು ಚರಣ್‌ಜಿತ್ ಸಿಂಗ್ ವಿಷಯ ಹೇಳಿದೆ. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಅವರು 1982ರಲ್ಲಿ ರೋಲೆಂಡ್ ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಗಳ ಮೇಲೆ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದರು. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ ಹೊರದೇಶದವರೂ ಹುಡುಕಿಕೊಂಡು ಬಂದರು. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ 1969ರಿಂದ 1972ರವರೆಗೆ ಮಾಡಿದ ಎಲೆಕ್ಟ್ರಾನಿಕ್ ಸಂಗೀತದ ಟೇಪುಗಳೂ 2023ರಲ್ಲಿ ಆಲ್ಬಂ ಆಗಿ ಬಂದವಲ್ವಾ?

ಮಲೆನಾಡಿನ ಮಳೆ ಕ್ಯಾಸೆಟ್ಟನ್ನು ಬಿಟ್ಟಿರಲಿಲ್ಲ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತಿತ್ತು. ಇಂಥದ್ದನ್ನು ಸುಮ್ನೆ ಡೆಕ್‌ಗೆ, ಅಂದರೆ ಕ್ಯಾಸೆಟ್ ಪ್ಲೇಯರ್‌ಗೆ, ಹಾಕಬಾರದು. ಬೂಷ್ಟು, ಟೇಪಿನ ಸದ್ದು ಓದುವ ಹೆಡ್‌ಗೆ ಅಂಟಿ ಬೇರೆ ಕ್ಯಾಸೆಟ್‌ಗಳಿಗೂ ಹತ್ತುತ್ತದೆ. ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಟ್ಟು ಒಣಗಿಸಿದೆ. ಆಮೇಲೆ ಮಾಸ್ಕ್ ಹಾಕಿಕೊಂಡು, ಸ್ಕ್ರೂ ಬಿಚ್ಚಿ, ಟೇಪನ್ನು ಮೆಲ್ಲಗೆ ಸುತ್ತುತ್ತಾ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ಹೊಸ ಶೆಲ್‌ಗೆ ಹಾಕಿದೆ.

ಮುಖ್ಯ ಕೆಲಸ ಇರುವುದು ಹೆಡ್ ಪಕ್ಕದ ಪುಟ್ಟ ಸ್ಕ್ರೂನಲ್ಲಿ. ಅದು ಹೆಡ್ಡಿನ ಓರೆಯನ್ನು ಹೊಂದಿಸುತ್ತದೆ, ಆ ಓರೆಗೆ ಅಜಿಮತ್ ಅನ್ನುತ್ತಾರೆ. ಡೆಕ್‌ನಿಂದ ಡೆಕ್‌ಗೆ ಹೆಡ್ಡಿನ ಓರೆ ಒಂಚೂರು ಬೇರೆ ಇರುತ್ತದೆ. ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ ಸ್ಕ್ರೂ ತಿರುಗಿಸಿದೆ. ಕಂಬಳಿ ಹೊದ್ದಂತಿದ್ದ ಸದ್ದು ಒಮ್ಮೆಲೇ ಬಿಚ್ಚಿಕೊಂಡಿತು! ಪಲ್ಪರ್‌ಗೆ ಹಣ್ಣು ಬೀಳುವುದು ಬೇರೆ, ನೀರು ಹರಿಯುವುದು ಬೇರೆ ಕೇಳಿಸಿತು. ಜನ ನೇರ ಸಾಫ್ಟ್‌ವೇರ್‌ಗೆ ಕೈ ಹಾಕುತ್ತಾರೆ. ಟೇಪಿನಿಂದ ಹೆಡ್ ಎತ್ತಿಕೊಳ್ಳದ ಸದ್ದನ್ನು ಸಾಫ್ಟ್‌ವೇರ್ ತಂದುಕೊಡುವುದಿಲ್ಲ.

ಇನ್ನು ವೇಗ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅವನ ಹಳೆ ಟೇಪ್‌ರೆಕಾರ್ಡರ್ ಹಾಗೆ ಓಡಿರಲಿಲ್ಲ. ವೇಗ ತಪ್ಪಿದರೆ ಸ್ವರವೂ ತಪ್ಪುತ್ತದೆ. ರೆಕಾರ್ಡಿಂಗ್‌ನಲ್ಲಿ ಸೇರಿಕೊಂಡ ಕರೆಂಟಿನ ಗುಂಯ್ ಸದ್ದನ್ನು 50 ಹರ್ಟ್ಸ್‌ಗೆ ಹೊಂದಿಸಿ ವೇಗ ಸರಿಮಾಡುವುದುಂಟು. ಆದರೆ ಆ ಕಾಲದಲ್ಲಿ ನಮ್ಮ ಕಡೆ ಗ್ರಿಡ್ ಫ್ರೀಕ್ವೆನ್ಸಿಯೇ 50ಕ್ಕಿಂತ ಇಳಿಯುತ್ತಿತ್ತು, ಅದನ್ನು ನಂಬುವ ಹಾಗಿಲ್ಲ. "ಅಮ್ಮಾ, ಆ ಹಾರ್ಮೋನಿಯಂ ಇನ್ನೂ ಇದೆಯಾ?" ಅಂತ ಅವನ ತಾಯಿಯನ್ನು ಕೇಳಿದೆ. "ಅಟ್ಟದ ಮೇಲಿದೆ ಕಣಪ್ಪ" ಅಂದರು. ಇಳಿಸಿ, ಕ್ಯಾಸೆಟ್ಟಿನಲ್ಲಿ ನುಡಿಸಿದ್ದ ಅದೇ ಮನೆ (ಕೀ) ಒತ್ತಿ, ಆ ಸ್ವರಕ್ಕೆ ಟೇಪನ್ನು ಹೊಂದಿಸಿದೆವು.

ಟೇಪಿನ ಹಿಸ್, ಅಂದರೆ ಹಿನ್ನೆಲೆಯ ಸುಸ್ಸೆನ್ನುವ ಸದ್ದು, ತೆಗೆಯಲಿಲ್ಲ. ತೆಗೆದರೆ ರೇಡಿಯೋದ ಕರಕರವೂ ಸವೆಯುತ್ತಿತ್ತು, ಆ ಕಡೆಯ ಸಂಗೀತವೇ ಅದು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮಾಸ್ಟರ್ (ಮೂಲಪ್ರತಿ) ತೆಗೆದು, ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ಗೆ ಹಾಕಿದೆವು. ಕ್ಯಾಸೆಟ್ಟೇ ಬೇಕು ಅಂದವರಿಗೆ ಮನೆಯಲ್ಲೇ ಅರವತ್ತು ನಿಮಿಷದ ಸಿ-60 ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತೇವೆ. ಒಂದು ಪ್ರತಿಗೆ ಒಂದು ಗಂಟೆ ಹಿಡಿಯುತ್ತದೆ. ಅವನೀಗ ಹೊಸ ಆಲ್ಬಂ ಶುರುಮಾಡಿದ್ದಾನೆ. ಕೊಯ್ಲು ಶುರುವಾಗಿ ಪಲ್ಪರ್ ಓಡಿದ ತಕ್ಷಣ ಎರಡು ಮೈಕ್ ತಗೊಂಡು ತೋಟಕ್ಕೆ ಹೋಗುತ್ತೇವೆ.