ತೆಳು ಕ್ಯಾಮೆರಾ ಕೊಳ್ಳುವ ಮುನ್ನ ಲೆನ್ಸ್ ನೋಡಿ

ಅಂಗಿ ಕಿಸೆಯಲ್ಲಿ ಕೂರುವ ತೆಳು ಕ್ಯಾಮೆರಾ ದಿನಬಳಕೆಗೆ ಬಹಳ ಅನುಕೂಲ. ಆದರೆ ಉತ್ತರ ಕನ್ನಡದಲ್ಲಿ ಅದಕ್ಕೆ ಮೂವರು ಶತ್ರುಗಳು: ಮರಳು, ಉಪ್ಪುಗಾಳಿ, ಮಳೆಗಾಲದ ಥಂಡಿ. ಹಾಗಾಗಿ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವುದು ಆಮೇಲಾಗಲಿ.

ಮೊದಲು ಲೆನ್ಸ್. ಹೆಚ್ಚಿನವುಗಳಲ್ಲಿ ಸ್ವಿಚ್ ಒತ್ತಿದೊಡನೆ ಲೆನ್ಸ್ ಕೊಳವೆ ಹೊರಗೆ ಚಾಚುತ್ತದೆ. ಕೆಲವು ಮಾದರಿಗಳಲ್ಲಿ ಪ್ರಿಸಂ ಒಂದು ಬೆಳಕನ್ನು 90 ಡಿಗ್ರಿ ತಿರುಗಿಸುವುದರಿಂದ ಜೂಮ್ ಎಲ್ಲ ಒಳಗೇ ನಡೆಯುತ್ತದೆ. ಚಾಚುವ ಕೊಳವೆ ಹೋಗಿಬರುವಾಗ ಗಾಳಿಯ ಜೊತೆ ಮರಳನ್ನೂ ಒಳಗೆಳೆದುಕೊಳ್ಳುತ್ತದೆ. ಸಂದಿಯಲ್ಲಿ ಒಂದು ಕಣ ಸಿಕ್ಕಿಕೊಂಡರೂ ಸಾಕು, ಕರಕರ ಸದ್ದು ಶುರು, ಕೊನೆಗೆ ಪರದೆಯ ಮೇಲೆ ‘ಲೆನ್ಸ್ ಎರರ್’. ಕಾರವಾರದ ಟ್ಯಾಗೋರ್ ಕಡಲತೀರಕ್ಕೋ ಗೋಕರ್ಣದ ಓಂ ಬೀಚಿಗೋ ಮೇಲಿಂದ ಮೇಲೆ ಹೋಗುವವರು ಒಳಜೂಮಿನದನ್ನೇ ಹುಡುಕಿ. ಹಾಗೆಂದು ಅದನ್ನು ನೀರಿಗೆ ಒಡ್ಡಬೇಡಿ. ವಾಟರ್‌ಪ್ರೂಫ್ ಮಾದರಿಗಳೇ ಬೇರೆ.

ಎರಡನೆಯದು ಬೆಳಕು. ಸುಮಾರು 20 ಮಿ.ಮೀ. ದಪ್ಪದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು 1/2.3 ಇಂಚಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಚಿಪ್), ಅಂದರೆ 6.2×4.6 ಮಿ.ಮೀ. ಅಳತೆಯದು. ‘1 ಇಂಚಿನ’ ಸೆನ್ಸರ್ 13.2×8.8 ಮಿ.ಮೀ.; ವಿಸ್ತೀರ್ಣ ನಾಲ್ಕು ಪಟ್ಟು, ಹಾಗಾಗಿ ಬೆಳಕನ್ನೂ ಹೆಚ್ಚು ಹಿಡಿಯುತ್ತದೆ. ಕ್ಯಾಮೆರಾ ಮಾತ್ರ 35–40 ಮಿ.ಮೀ. ದಪ್ಪವಾಗುತ್ತದೆ. ಶಿರಸಿ ಕಡೆಯ ಅಡಕೆ ತೋಟದಲ್ಲಿ ಮಳೆಗಾಲದ ಮಧ್ಯಾಹ್ನವೂ ಮಬ್ಬುಗತ್ತಲೆ. ಅಲ್ಲಿ ಫೋಟೊ ತೆಗೆಯುವವರು ಆ ದಪ್ಪವನ್ನು ಸಹಿಸಿಕೊಳ್ಳುವುದೇ ಲೇಸು. ಯಕ್ಷಗಾನಕ್ಕಂತೂ ಇದು ಇನ್ನೂ ಮುಖ್ಯ. ಕುಣಿತ ಕಲಸಿಹೋಗದಂತೆ ಬರಬೇಕಾದರೆ ಶಟರ್ ಕನಿಷ್ಠ 1/125 ಸೆಕೆಂಡಿನಷ್ಟು ವೇಗವಾಗಿ ತೆರೆದು ಮುಚ್ಚಬೇಕು. ಹತ್ತು-ಹನ್ನೆರಡು ಪಟ್ಟು ಜೂಮಿನ ತೆಳು ಕ್ಯಾಮೆರಾಗಳಲ್ಲಿ ಪೂರ್ತಿ ಜೂಮ್ ಮಾಡಿದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಕಿರಿದಾಗಿ ಎಫ್/7ರ ಹತ್ತಿರ ಬಂದುಬಿಡುವುದುಂಟು. ಎಫ್/2.8ಕ್ಕೆ ಹೋಲಿಸಿದರೆ ಒಳಬರುವ ಬೆಳಕು ಆರನೇ ಒಂದು ಪಾಲು ಮಾತ್ರ. ಇಮೇಜ್ ಸ್ಟೆಬಿಲೈಸರ್ ನಿಮ್ಮ ಕೈನಡುಕವನ್ನು ತಡೆಯುತ್ತದೆ, ವೇಷಧಾರಿಯ ಚಲನೆಯನ್ನಲ್ಲ. ಡಿಜಿಟಲ್ ಜೂಮನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ.

ಹೊಸ ತೆಳು ಮಾದರಿಗಳು ಈಗ ಕಡಿಮೆ, ಹಾಗಾಗಿ ಹಲವರು ಹಳೆಯದನ್ನೇ ಕೊಳ್ಳುತ್ತಾರೆ. ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ: ಐದಾರು ಸಲ ಜೂಮ್ ಹಿಂದೆ-ಮುಂದೆ ಮಾಡಿ ಸದ್ದು ಆಲಿಸಿ. ಬಿಳಿ ಗೋಡೆಯ ಮೂರ್ನಾಲ್ಕು ಫೋಟೊ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಬಂದರೆ ಸೆನ್ಸರ್ ಮೇಲೆ ಧೂಳಿದೆ, ಕ್ಯಾಮೆರಾ ಬಿಚ್ಚದೆ ಅದು ಹೋಗದು. ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿಯಿರಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 800ರಲ್ಲಿ ಒಂದು ಮುಖದ ಫೋಟೊ ತೆಗೆದು ಪರದೆಯ ಮೇಲೆ ಹಿಗ್ಗಿಸಿ, ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಾಣುತ್ತದೆಯೇ ನೋಡಿ.

ಕಾರ್ಡ್ ವಿಚಾರದಲ್ಲಿ ಮೋಸಹೋಗುವುದು ಸುಲಭ. 2006ಕ್ಕಿಂತ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿವರೆಗಿನ ಎಸ್‌ಡಿ ಕಾರ್ಡನ್ನಷ್ಟೇ ಓದುತ್ತವೆ. ಎಕ್ಸ್‌ಡಿ, ಮೆಮೊರಿ ಸ್ಟಿಕ್ ಎಂಬ ಬೇರೆ ಬಗೆಯ ಕಾರ್ಡ್ ಬೇಡುವವೂ ಇವೆ. ಬ್ಯಾಟರಿ ಉಬ್ಬಿದ್ದರೆ ಬಿಡಿ.

ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಬೇಡಿ, ಬೂಷ್ಟಿಗೆ ಅದೇ ತವರು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಅದರ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಿ, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಕಡಲತೀರದಿಂದ ಬಂದ ದಿನ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಆಮೇಲೆ ಒಣ ಬಟ್ಟೆ. ಎಸಿ ಬಸ್ಸಿನಿಂದ ಇಳಿದವರು ಕ್ಯಾಮೆರಾವನ್ನು ಅರ್ಧ ಗಂಟೆ ಚೀಲದಲ್ಲೇ ಬಿಡಿ, ಇಲ್ಲವಾದರೆ ಲೆನ್ಸಿನೊಳಗೆ ಹನಿಗಟ್ಟುತ್ತದೆ.