ಹಿಮದೂರಿನ ಅಂಗಳದಲ್ಲಿ ನಿತ್ಯಹಸಿರು ಗಿಡ: ನಮ್ಮ ಕಡೆಯಿಂದ ಬಂದವರಿಗೆ

ಗಿಡಕ್ಕೆ ನೀರಿಲ್ಲದಿದ್ದರೆ ಏನಾಗುತ್ತದೆಂದು ಕೋಲಾರ, ಚಿಕ್ಕಬಳ್ಳಾಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಮಿನ್ನೆಸೋಟ, ಒಟ್ಟಾವಾದಂಥ ಕಡೆ ಬೇಲಿಗೆಂದು ನೆಟ್ಟ ಥೂಜಾ ಎಂಬ ನಿತ್ಯಹಸಿರು ಗಿಡ ಮಾರ್ಚ್ ಹೊತ್ತಿಗೆ ಕಂದು ತಿರುಗಿದರೆ "ಚಳಿಗೆ ಸತ್ತೋಯ್ತು" ಅಂದುಬಿಡುತ್ತೇವೆ. ಬಹಳ ಸಲ ಅದು ಒಣಗಿರುವುದು ಬಾಯಾರಿ. ನೆಲ ಹೆಪ್ಪುಗಟ್ಟಿದ ಮೇಲೆ ಬೇರು ನೀರೆಳೆಯಲಾರದು. ಎಲೆಗಳೋ ಬಿಸಿಲಿಗೆ, ಗಾಳಿಗೆ ತೇವ ಬಿಡುತ್ತಲೇ ಇರುತ್ತವೆ. ಹತ್ತಿರ ಹೋಗಿ ನೋಡಿ: ದಕ್ಷಿಣದ ಬಿಸಿಲು ಬೀಳುವ ಬದಿ, ಗಾಳಿ ಹೊಡೆಯುವ ಬದಿ ಕಂದಾಗಿರುತ್ತದೆ. ಹಿಮದಡಿ ಹುದುಗಿದ್ದ ಕೆಳಗಿನ ರೆಂಬೆ ಮಾತ್ರ ಹಸಿರಾಗೇ ಇರುತ್ತದೆ.

ಹಾಗಾಗಿ ಇಲ್ಲಿ ನೀರಿನ ಚಿಂತೆ ಮಾಡಬೇಕಾದ ಕಾಲ ಸೆಪ್ಟೆಂಬರ್‌ನಿಂದ ನೆಲ ಗಟ್ಟಿಯಾಗುವವರೆಗೆ. ಮಳೆ ಬಾರದ ವಾರ, ನಾಲ್ಕೈದು ಅಡಿಯ ಹೊಸ ಗಿಡಕ್ಕೆ ಸುಮಾರು 20 ಲೀಟರ್ ನಿಧಾನಕ್ಕೆ ಬುಡಕ್ಕೆ ಬಿಡಿ. ಮೊದಲು ಬೆರಳೋ ಸ್ಕ್ರೂಡ್ರೈವರೋ ಚುಚ್ಚಿ ನೋಡಿ. ನಾಲ್ಕು ಅಂಗುಲ ಕೆಳಗೆ ಇನ್ನೂ ಹಸಿಯಿದ್ದರೆ ಬೇಡ, ಜೇಡಿಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಪೈಪ್ ಒಡೆಯದಿರಲೆಂದು ಹೊರಗಿನ ನಲ್ಲಿ ಬಂದ್ ಮಾಡಿದ ಮೇಲೂ ಒಂದೆರಡು ಸಲ ಬಕೆಟ್‌ನಲ್ಲಿ ಹೊತ್ತು ಹಾಕುವುದು ದಂಡವಲ್ಲ.

ನೆಡುವಾಗ ನಮ್ಮೂರ ಅಭ್ಯಾಸವೊಂದನ್ನು ಬಿಡಬೇಕು. ತುಮಕೂರಿನ ಕಡೆ ತೆಂಗಿನ ಸಸಿಗೆ ಮೂರಡಿ ಆಳದ ಗುಂಡಿ ತೋಡಿ, ಗೊಬ್ಬರ ತುಂಬಿ, ತಗ್ಗಿನಲ್ಲಿ ಕೂರಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಬುಡ ಹೂತು, ಬೇರಿಗೆ ಗಾಳಿಯಾಡದೆ ಎರಡು ಮೂರು ವರ್ಷಕ್ಕೆ ಗಿಡ ಸೊರಗುತ್ತದೆ. ಗುಂಡಿಯ ಅಗಲ ಬೇರು, ಮಣ್ಣು ಸೇರಿದ ಗಡ್ಡೆಯ ಎರಡು ಮೂರು ಪಟ್ಟು ಇರಲಿ, ಆಳ ಗಡ್ಡೆಯ ಎತ್ತರಕ್ಕಿಂತ ಹೆಚ್ಚು ಬೇಡ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮಟ್ಟಕ್ಕೆ ಕಾಣಬೇಕು. ಕುಂಡದಿಂದ ತೆಗೆದಾಗ ಬೇರು ಸುತ್ತಿಕೊಂಡು ಚಾಪೆಯಂತಾಗಿದ್ದರೆ ಚಾಕುವಿನಿಂದ ನಾಲ್ಕು ಕಡೆ ಉದ್ದಕ್ಕೆ ಸೀಳಿ, ಬಿಡಿಸಿ; ಇಲ್ಲದಿದ್ದರೆ ಅದು ಕುಂಡದ ಆಕಾರದಲ್ಲೇ ಸುತ್ತುತ್ತಿರುತ್ತದೆ. ತೋಡಿದ ಮಣ್ಣನ್ನೇ ವಾಪಸ್ ತುಂಬಿ. ಮೇಲೆ ಮರದ ಚಕ್ಕೆಯ ಹೊದಿಕೆ ಮೂರು ಅಂಗುಲ, ಕಾಂಡಕ್ಕೆ ಮಾತ್ರ ತಾಗದಂತೆ. ಏಪ್ರಿಲ್–ಮೇ ಅಥವಾ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ನೆಟ್ಟರೆ ಚಳಿಗೆ ಮುಂಚೆ ಬೇರು ಹಿಡಿಯುತ್ತದೆ. ಅಮೆರಿಕದಲ್ಲಿದ್ದರೆ ಗುದ್ದಲಿ ಹಾಕುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆಯೆಂದು ಪುಕ್ಕಟೆ ಗುರುತು ಹಾಕಿಕೊಡುತ್ತಾರೆ.

ಗಿಡ ಕೊಳ್ಳುವಾಗ ಅದು ಎಷ್ಟು ಚಳಿ ತಾಳುತ್ತದೆಂದು ಹೇಳುವ ವಲಯದ (ಝೋನ್) ಸಂಖ್ಯೆಯನ್ನು ಚೀಟಿಯಲ್ಲಿ ನೋಡಿ; ಸಂಖ್ಯೆ ಕಡಿಮೆಯಾದಷ್ಟೂ ಚಳಿ ಹೆಚ್ಚು. ಅಮೆರಿಕದ ನಕ್ಷೆಯಲ್ಲಿ ವಲಯ 5 ಎಂದರೆ ಚಳಿಗಾಲದ ಅತಿ ಕಡಿಮೆ ತಾಪಮಾನ ಸರಾಸರಿ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್. ಕುಂಡದಲ್ಲೇ ಬೆಳೆಸುವುದಾದರೆ ನಿಮ್ಮ ವಲಯಕ್ಕಿಂತ ಎರಡು ಸಂಖ್ಯೆ ಕಡಿಮೆಯ ಗಿಡ ತನ್ನಿ, ಏಕೆಂದರೆ ಕುಂಡದ ಬೇರಿಗೆ ನೆಲದ ಬಿಸುಪು ಇರುವುದಿಲ್ಲ. ಮರೆಗೆ ಎಮರಾಲ್ಡ್ ಗ್ರೀನ್ ತಳಿಯ ಥೂಜಾ ಮೂರಡಿ ಅಂತರದಲ್ಲಿ ಚೆನ್ನ, ಆದರೆ ಜಿಂಕೆಗೆ ಅದು ಬಹಳ ಇಷ್ಟ. ಜಿಂಕೆ ಓಡಾಡುವ ಕಡೆ ಸ್ಪ್ರೂಸ್ ಅಥವಾ ಜುನಿಪರ್ ವಾಸಿ. ನೀಲಿ ಸ್ಪ್ರೂಸ್ ಅಂಗಡಿಯಲ್ಲಿ ಮುದ್ದಾಗಿ ಕಂಡರೂ 50 ಅಡಿ ಮೀರಿ ಬೆಳೆಯುತ್ತದೆ, ಮನೆಗೆ ಒತ್ತಿ ಹಾಕಲೇಬೇಡಿ. ಯೂ (yew) ಎಂಬ ನಿತ್ಯಹಸಿರು ಗಿಡದ ಎಲೆ, ಬೀಜ ಎರಡೂ ವಿಷ. ಅದರ ಕೆಂಪು ಹಣ್ಣು ಮಕ್ಕಳನ್ನು ಕರೆಯುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡ.

ಗಾಳಿಗೆ ಅಡ್ಡವಾಗಿ ಗೋಣಿತಾಟು ಕಟ್ಟಬಹುದು: ನಾಲ್ಕು ಗೂಟ ನೆಟ್ಟು, ಎಲೆಗೆ ತಾಗದಂತೆ, ಮೇಲ್ಭಾಗ ತೆರೆದು. ಪ್ಲಾಸ್ಟಿಕ್ ಸುತ್ತಬೇಡಿ, ಬಿಸಿಲಿಗೆ ಒಳಗೆ ಕಾದು, ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಿಡ ಹಾಳಾಗುತ್ತದೆ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುವ ಕಡೆಗೂ ಇದೇ ಅಡ್ಡ ಬೇಕು. ಹೊಸ ಹಿಮ ರೆಂಬೆ ಬಗ್ಗಿಸಿದರೆ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಉದುರಿಸಿ. ಮಂಜುಗಡ್ಡೆ ಕಟ್ಟಿದ್ದರೆ ಮುಟ್ಟಬೇಡಿ, ರೆಂಬೆ ಲಟಕ್ಕನೆ ಮುರಿಯುತ್ತದೆ.

ಅಕ್ಟೋಬರ್‌ನಲ್ಲಿ ಪೈನ್, ಥೂಜಾದ ಒಳಗಿನ ಹಳೆ ಎಲೆ ಹಳದಿಯಾಗಿ ಉದುರುವುದು ಸಹಜ. ಕಡು ಚಳಿಯಲ್ಲಿ ರೋಡೋಡೆಂಡ್ರಾನ್ ಎಲೆ ಬೀಡಿಯಂತೆ ಸುರುಳಿಯಾದರೂ ಗಾಬರಿ ಬೇಡ, ಬೆಚ್ಚಗಾದಾಗ ಬಿಚ್ಚಿಕೊಳ್ಳುತ್ತದೆ.

ಕಂದಾದ ರೆಂಬೆಯನ್ನು ಏಪ್ರಿಲ್‌ನಲ್ಲೇ ಕತ್ತರಿಸುವ ಆತುರ ಮಾತ್ರ ಬೇಡ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಅಡಿಯಲ್ಲಿ ಹಸಿರು, ಒದ್ದೆ ಇದ್ದರೆ ಜೀವ ಇದೆ. ಎಷ್ಟೋ ಸಲ ಎಲೆ ಸುಟ್ಟಿದ್ದರೂ ಮೊಗ್ಗು ಉಳಿದಿರುತ್ತದೆ. ಮೇ ಕೊನೆವರೆಗೆ ಕಾಯ್ದು, ಚಿಗುರದ ತುದಿಯನ್ನಷ್ಟೇ ಹಸಿರು ಸಿಗುವ ಜಾಗದವರೆಗೆ ಕತ್ತರಿಸಿ. ಯೂ ಹಳೇ ಕಟ್ಟಿಗೆಯಿಂದಲೂ ಚಿಗುರುತ್ತದೆ. ಥೂಜಾವನ್ನು ಎಲೆಯಿಲ್ಲದ ಕಂದು ಕಟ್ಟಿಗೆಯವರೆಗೆ ಕಡಿದರೆ ಅಲ್ಲಿ ಮತ್ತೆ ಚಿಗುರದೆ, ಬಿದ್ದ ತೂತು ಹಾಗೇ ಉಳಿಯುತ್ತದೆ.