ಕೊಳವೆಬಾವಿಗೆ ಬಿಡುವು ಕೊಟ್ಟು ಊರಿಗೆ ನೀರು ಕೊಟ್ಟದ್ದು: ನನ್ನ ಅನುಭವ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಾನು ನೀರು ಸರಬರಾಜಿನ ಹೊಣೆ ಹೊತ್ತಿದ್ದ ಪಟ್ಟಣವೂ ಕೊಳವೆಬಾವಿಗಳನ್ನೇ ನಂಬಿತ್ತು; ಅವುಗಳ ನೀರನ್ನು ಸಂಪಿನಲ್ಲಿ ಕೂಡಿಸಿ, ಓವರ್‌ಹೆಡ್ ಟ್ಯಾಂಕಿಗೆ ಏರಿಸಿ, ಬಡಾವಣೆಗಳಿಗೆ ಸರದಿಯಂತೆ ಬಿಡುತ್ತಿದ್ದೆವು. ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದವರನ್ನು ನೀರುಗಂಟಿ ಎನ್ನುತ್ತಿದ್ದರು. ವಾಲ್ವ್ ತಿರುಗಿಸುವ ನಮ್ಮ ಸಿಬ್ಬಂದಿಯನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಿದ್ದರು.

ಮೊದಲ ಬೇಸಿಗೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ, ಕರೆಂಟ್ ಇರುವಷ್ಟು ಹೊತ್ತೂ ಎಲ್ಲ ಪಂಪುಗಳನ್ನು ಓಡಿಸಿದ್ದು. ಏಪ್ರಿಲ್ ವೇಳೆಗೆ ಎರಡು ಬಾವಿಗಳಲ್ಲಿ ನೀರಿನೊಡನೆ ಗಾಳಿ ಬರತೊಡಗಿತು, ಒಂದು ಮೋಟಾರು ಸುಟ್ಟುಹೋಯಿತು. ನಮ್ಮದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳ ನೆಲ. ಆಳದಲ್ಲಿ ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ. ಬಿರುಕಿನಿಂದ ಒಸರುವುದಕ್ಕಿಂತ ಹೆಚ್ಚು ಎತ್ತಿದರೆ ಮಟ್ಟ ಪಂಪಿನವರೆಗೂ ಕುಸಿಯುತ್ತದೆ. ಇನ್ನಷ್ಟು ಆಳಕ್ಕೆ ಕೊರೆಸಬೇಕೆಂದು ಹಲವರು ಒತ್ತಾಯಿಸಿದರೂ, ಇರುವ ಬಾವಿಗಳನ್ನು ಮೊದಲು ಅಳೆಯಬೇಕೆಂದು ನಾನು ಪಟ್ಟುಹಿಡಿದೆ.

ಕೊರೆಯುವವರು ‘ಎರಡಿಂಚು’, ‘ನಾಲ್ಕಿಂಚು’ ಎಂದು ಹೇಳುವಾಗ, ಎರಡನೆಯದು ಮೊದಲನೆಯದರ ಇಮ್ಮಡಿಯೆಂದೇ ನಾನು ಭಾವಿಸಿದ್ದೆ. ಹರಿವನ್ನು ಅಳೆಯಲು V ಆಕಾರದ ಕಚ್ಚು ಕೊರೆದ ತಗಡು, ಅಂದರೆ 90 ಡಿಗ್ರಿಯ ವಿ-ನಾಚ್, ಇಟ್ಟು ಅದರಲ್ಲಿ ನೀರು ಎರಡಿಂಚು ಎತ್ತರಕ್ಕೆ ಹರಿದರೆ ಗಂಟೆಗೆ ಸುಮಾರು 2,900 ಲೀಟರ್. ನಾಲ್ಕಿಂಚು ಹರಿದರೆ 16,000 ಲೀಟರಿಗೂ ಹೆಚ್ಚು. ಈ ಲೆಕ್ಕ ತಿಳಿದ ಮೇಲೆ ಪ್ರತಿ ಬಾವಿಗೂ ನೋಟ್‌ಪುಸ್ತಕದಲ್ಲಿ ಒಂದೊಂದು ಪುಟ ಮಾಡಿದೆ. ರಾತ್ರಿಯಿಡೀ ಬಿಡುವು ಪಡೆದ ಬಾವಿಯೊಳಗೆ, ನೀರು ಮುಟ್ಟಿದೊಡನೆ ಸದ್ದು ಮಾಡುವ ಟೇಪನ್ನು ಬೆಳಿಗ್ಗೆ ಇಳಿಸಿ ಮಟ್ಟ ಬರೆದುಕೊಳ್ಳುತ್ತಿದ್ದೆವು. ಪಂಪು ಓಡುತ್ತಿರುವಾಗ ಗಂಟೆಗೊಮ್ಮೆ ಮತ್ತೆ ಅಳೆದು, ಮಟ್ಟ ಇಳಿಯುತ್ತಲೇ ಇದ್ದರೆ ಅದು ಒಂದು ಕಡೆ ನಿಲ್ಲುವವರೆಗೂ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಿದ್ದೆವು. ಅಕ್ಕಪಕ್ಕದ ಬಾವಿಗಳು ಒಂದರ ನೀರನ್ನು ಇನ್ನೊಂದು ಸೆಳೆಯುವುದು ಈ ಪುಟಗಳಿಂದಲೇ ಕಂಡಿತು. ಅಂಥವನ್ನು ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿದೆವು.

ಆಳದ ಕೆಲವು ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿತ್ತು. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದಾಗ 1.5ರವರೆಗೆ ಒಪ್ಪಬಹುದು. ಲೀಟರಿಗೆ 2 ಮಿಲಿಗ್ರಾಂ ಇರುವ ನೀರಿನ ಒಂದು ಪಾಲಿಗೆ 0.6 ಇರುವ ಎರಡು ಪಾಲು ಸೇರಿಸಿದರೆ ಸುಮಾರು 1.07 ಆಗುತ್ತದೆ. ಆದ್ದರಿಂದ ಅಂಥ ಬಾವಿಯ ನೀರನ್ನು ಯಾವ ಬೀದಿಗೂ ನೇರವಾಗಿ ಬಿಡದೆ, ಸಂಪಿಗೇ ತರಿಸಿದೆ.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿದ ಮೇಲೆ, ಕೆರೆಯಂಚಿನ ಬಾವಿಗಳಲ್ಲಿ ಮಟ್ಟ ಏರಿತು. ಅದು ನನಗೆ ನೆಮ್ಮದಿ ತಂದಿತು. ಆದರೆ ಅಲ್ಲಿನ ನೀರಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವುದನ್ನೂ ಕ್ಲೋರಿನ್ ಹಾಕುವುದನ್ನೂ ಮೊದಲಿಗಿಂತ ಬಿಗಿಗೊಳಿಸಿದೆ. ಒಂದು ಲಕ್ಷ ಲೀಟರಿಗೆ, ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ, ಶೇ. 25ರಷ್ಟು ಕ್ಲೋರಿನ್ ಉಳಿದಿರುವ ಬ್ಲೀಚಿಂಗ್ ಪೌಡರ್ 800 ಗ್ರಾಂ ಬೇಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿದು, ಅರ್ಧ ಗಂಟೆ ಕಳೆಯದೆ ನೀರು ಬಿಡುತ್ತಿರಲಿಲ್ಲ. ತೆರೆದಿಟ್ಟ ಚೀಲದ ಪೌಡರು ದಿನೇದಿನೇ ಸತ್ವ ಕಳೆದುಕೊಳ್ಳುವುದರಿಂದ, ಚೀಲದ ಮೇಲಿನ ಲೆಕ್ಕವನ್ನು ನಂಬದೆ, ಊರಿನ ಕೊನೆಯ ಬೀದಿಯ ಕೊನೆಯ ನಲ್ಲಿಯಲ್ಲಿ ನೀರು ಹಿಡಿದು ನೋಡುತ್ತಿದ್ದೆವು. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಕಾಣದ ದಿನ, ಮರುದಿನದ ಪ್ರಮಾಣವನ್ನು ಹೆಚ್ಚಿಸಿ, ಆ ಸಾಲಿನ ಪೈಪುಗಳನ್ನು ಸೋರಿಕೆಗಾಗಿ ಒಂದೊಂದಾಗಿ ಪರೀಕ್ಷಿಸುತ್ತಿದ್ದೆವು.